ರಸೀದಿ ಪುಸ್ತಕ ಹಿಡಿದು ಬಂದ ಹುಡುಗರು

ಕಳೆದ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ದೇರೆಬೈಲಿನ ನಮ್ಮ ಮನೆಯ ಗೇಟಿನ ಮುಂದೆ ನಾಲ್ವರು ಯುವಕರು ಬಂದು ನಿಂತರು. ಒಬ್ಬನ ಕೈಯಲ್ಲಿ ರಸೀದಿ ಪುಸ್ತಕ, ಇನ್ನೊಬ್ಬನ ಕೈಯಲ್ಲಿ ಮನವಿ ಪತ್ರಗಳ ಕಟ್ಟು. ನಮ್ಮ ಓಣಿಯ ಕ್ರೀಡಾ ಸಂಘದವರು. ಸಂಘದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರೊಂದನ್ನು ಬದಲಿಸಿದರೆ ಇದು ಮಂಗಳೂರಿನ ಯಾವ ಬಡಾವಣೆಯ ಕತೆಯೂ ಆಗಬಹುದು. ಮಳೆಗೆ ಮೇಲಿನ ದರೆ ಕುಸಿದು ಅವರ ವಾಲಿಬಾಲ್ ಅಂಕಣದ ಅರ್ಧಭಾಗ ಕೆಸರಿನಡಿ ಹೋಗಿತ್ತು. ಕಬಡ್ಡಿ ಮ್ಯಾಟುಗಳನ್ನು ಜೋಡಿಸಿಟ್ಟಿದ್ದ ತಗಡಿನ ಕೊಠಡಿ ಕೆಳಗೆ ಕುಳಿತಿತ್ತು. ದೀಪದ ಕಂಬವೊಂದು ಬಾಗಿತ್ತು. ಎಲ್ಲ ಸರಿಪಡಿಸಲು ಕೆಲವು ಲಕ್ಷ ರೂಪಾಯಿ ಬೇಕು, ಊರಿನವರು ಕೈಜೋಡಿಸಬೇಕು ಎಂಬುದು ಮನವಿಯ ಸಾರಾಂಶ.

ಹಣ ಕೊಟ್ಟೆ. ಕೊಟ್ಟವನು ಸುಮ್ಮನಿರಬೇಕಿತ್ತು. ಮೂರು ದಶಕ ಸರ್ಕಾರಿ ಕಡತಗಳ ಜತೆ ಬಾಳಿದವನಿಗೆ ಅದು ಸುಲಭವಲ್ಲ. ಅಂಕಣದ ಜಾಗ ಯಾರ ಹೆಸರಿನಲ್ಲಿದೆ, ಸಂಘದ ನೋಂದಣಿ ಊರ್ಜಿತದಲ್ಲಿದೆಯೇ, ಕಳೆದ ವರ್ಷದ ಲೆಕ್ಕಪತ್ರ ಇದೆಯೇ ಎಂದು ಕೇಳಿದೆ. ಹುಡುಗರು ಪರಸ್ಪರ ಮುಖ ನೋಡಿಕೊಂಡರು. ಜಾಗ ಒಬ್ಬ ಹಿರಿಯರದು. ಅವರು ತೀರಿಕೊಂಡ ಮೇಲೆ ಮಕ್ಕಳು ಏನೂ ಹೇಳಿಲ್ಲ. ನೋಂದಣಿ ಹಿಂದಿನ ಅಧ್ಯಕ್ಷರ ಕಾಲದಲ್ಲಿ ಆಗಿತ್ತು. ಲೆಕ್ಕ ಒಂದು ಪುಸ್ತಕದಲ್ಲಿತ್ತು. ಅದೂ ಆ ಕೊಠಡಿಯೊಳಗೇ ಇತ್ತು. ಕೊನೆಯ ಮಾತನ್ನು ಹೇಳುವಾಗ ಒಬ್ಬ ನಕ್ಕ, ಉಳಿದವರು ನಗಲಿಲ್ಲ. ಅವರು ನಮಸ್ಕರಿಸಿ ಮುಂದಿನ ಮನೆಗೆ ಹೋದ ಬಳಿಕ ನನಗೆ ನನ್ನ ಪ್ರಶ್ನೆಗಳ ಬಗ್ಗೆಯೇ ಸ್ವಲ್ಪ ನಾಚಿಕೆಯಾಯಿತು. ಆದರೆ ಪ್ರಶ್ನೆಗಳು ತಪ್ಪಾಗಿರಲಿಲ್ಲ. ಅವುಗಳಿಗೆ ಉತ್ತರವಿಲ್ಲದಿರುವುದು ಆ ಹುಡುಗರೊಬ್ಬರ ದೋಷವಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

ಕರಾವಳಿಯ ಕೃಷಿಕರು ನೆಲವನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ಗುರುತಿಸುತ್ತಿದ್ದರು. ಬೆಟ್ಟು ಮಳೆಯನ್ನೇ ನಂಬಿದ ಎತ್ತರದ ಗದ್ದೆ, ಮಜಲು ನಡುವಿನದು, ಬೈಲು ನೀರು ನಿಲ್ಲುವ ತಗ್ಗಿನ ಗದ್ದೆ, ಎಲ್ಲಕ್ಕಿಂತ ಬೆಲೆಬಾಳುವಂಥದ್ದು. ದೇರೆಬೈಲು ತನ್ನ ಹೆಸರಿನಲ್ಲೇ ಆ ಗದ್ದೆಯನ್ನು ಇಟ್ಟುಕೊಂಡಿದೆ. ಕೊಯ್ಲು ಮುಗಿದು ಮುಂದಿನ ಉಳುಮೆಯವರೆಗೆ ಗದ್ದೆ ಹುಡುಗರದಾಗಿರುತ್ತಿತ್ತು. ಯಾರೂ ಅರ್ಜಿ ಹಾಕುತ್ತಿರಲಿಲ್ಲ, ಯಾರೂ ಅನುಮತಿ ಕೊಡುತ್ತಿರಲಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಆಟದ ಬಯಲು ಭತ್ತದ ಬೇಸಾಯದ ಉಪ ಉತ್ಪನ್ನವಾಗಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಆ ಒಡೆಯರ ಮಕ್ಕಳು ಮುಂಬಯಿಗೆ, ಕೊಲ್ಲಿಗೆ, ಬೆಂಗಳೂರಿಗೆ ಹೋದರು. ಗದ್ದೆ ಪಾಳುಬಿತ್ತು, ಬಳಿಕ ಕೆಂಪು ಮಣ್ಣು ತುಂಬಿಸಿಕೊಂಡು ನಿವೇಶನವಾಯಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ನಾನು ಕುಳಿತು ಇದನ್ನು ಬರೆಯುತ್ತಿರುವ ಮನೆಯೂ ಒಂದು ಕಾಲದ ಮಜಲಿನ ಮೇಲಿದೆ. ಆದರೆ ಬೈಲು ಹೋದಾಗ ಎರಡು ಸಂಗತಿಗಳು ಜತೆಗೇ ಹೋದವು. ನೀರು ನಿಲ್ಲುವ ಜಾಗ ಹೋಯಿತು. 2018ರ ಮೇ 29ರಂದು ನಗರ ಮುಳುಗಿದಾಗ ಕೊಟ್ಟಾರ ಚೌಕಿಯ ಆಸುಪಾಸಿನಲ್ಲಿದ್ದವರಿಗೆ ಅದು ಅರ್ಥವಾಯಿತು. ಮಕ್ಕಳು ನಿಲ್ಲುವ ಜಾಗವೂ ಹೋಯಿತು; ಅದು ಯಾವ ಒಂದು ದಿನವೂ ಸುದ್ದಿಯಾಗಲಿಲ್ಲ.

ನಿವೇಶನವನ್ನು ಸೆಂಟ್ಸ್ ಲೆಕ್ಕದಲ್ಲಿ ಅಳೆಯುವ ಊರು ನಮ್ಮದು. ಹಾಗಾದರೆ ಆಟವನ್ನೂ ಹಾಗೆಯೇ ಅಳೆದು ನೋಡೋಣ. ವಾಲಿಬಾಲ್ ಅಂಕಣದ ಉದ್ದ 18 ಮೀಟರ್, ಅಗಲ 9 ಮೀಟರ್. ಒಟ್ಟು 162 ಚದರ ಮೀಟರ್, ಅಂದರೆ ಸರಿಯಾಗಿ ನಾಲ್ಕು ಸೆಂಟ್ಸ್. ಸುತ್ತಲೂ ಮೂರು ಮೀಟರ್ ಬಿಟ್ಟರೆ ಒಂಬತ್ತು ಸೆಂಟ್ಸಿಗೆ ಸ್ವಲ್ಪ ಕಡಿಮೆ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದು ಮೂರೂಕಾಲು ಸೆಂಟ್ಸ್ ಮೀರುವುದಿಲ್ಲ. ಒಂದು ಸಾಧಾರಣ ಮನೆ ಕಟ್ಟುವ ಜಾಗದಲ್ಲಿ ದಿನಕ್ಕೆ ನಲವತ್ತು ಐವತ್ತು ಮಂದಿ ಸರದಿಯಂತೆ ಆಡಬಹುದು. ಕ್ರಿಕೆಟ್ ಮೈದಾನವನ್ನು ಕೇಳುವುದು ದುರಾಸೆಯಾದೀತು. ವಾಲಿಬಾಲ್ ಮತ್ತು ಕಬಡ್ಡಿ ನಮ್ಮ ಜಿಲ್ಲೆಯ ಸಂಘಗಳ ಜೀವಾಳವಾಗಿ ಉಳಿದಿರುವುದಕ್ಕೆ ಈ ಮಿತವ್ಯಯವೂ ಒಂದು ಕಾರಣವಿರಬೇಕು. ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಕಬಡ್ಡಿ ತಂಡದಲ್ಲಿದ್ದರು ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಂಥ ಆಟಗಾರ್ತಿ ಬೆಳೆಯಲು ಬೇಕಾದ ಭೂಮಿಯನ್ನು ಲೆಕ್ಕ ಹಾಕಿದರೆ ಅದು ಒಂದು ಮನೆಯ ಅಂಗಳದಷ್ಟು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ಬೇರೊಂದು ಜಿಲ್ಲೆಯಲ್ಲಿ ನಾನು ಅಧಿಕಾರಿಯಾಗಿದ್ದಾಗ ಒಂದು ಸರ್ಕಾರಿ ಜಾಗದ ಕಡತ ಬಂದಿತ್ತು. ಕಚೇರಿ ಕಟ್ಟಡಕ್ಕೆ ಜಾಗ ಬೇಕಿತ್ತು. ಸ್ಥಳ ಪರಿಶೀಲನೆಯ ವರದಿಯಲ್ಲಿ ‘ಖಾಲಿ ಇರುತ್ತದೆ’ ಎಂದು ಬರೆದಿತ್ತು. ಮರುದಿನ ಹತ್ತಿಪ್ಪತ್ತು ಹುಡುಗರು ಬಂದು ತಾವು ಅಲ್ಲಿ ಆಡುತ್ತಿರುವುದಾಗಿ ಮನವಿ ಕೊಟ್ಟರು. ಮನವಿಗೆ ಸಂಖ್ಯೆ ಹಾಕಿಸಿ ಕಡತದಲ್ಲಿ ಇರಿಸಿದೆ, ವರದಿಗೆ ಸಹಿ ಹಾಕಿದೆ. ಕಾನೂನಿನ ಪ್ರಕಾರ ನಾನು ಮಾಡಿದ್ದರಲ್ಲಿ ಲೋಪವಿಲ್ಲ. ಕಂದಾಯ ದಾಖಲೆಯ ಕಾಲಂಗಳಲ್ಲಿ ಬೆಳೆಯ ಹೆಸರಿಗೆ ಜಾಗವಿದೆ, ಮರಗಳ ಸಂಖ್ಯೆಗೆ ಜಾಗವಿದೆ. ಸಂಜೆ ಐದರಿಂದ ಏಳರವರೆಗೆ ಅಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ಕಾಲಂ ಇಲ್ಲ. ಕಟ್ಟಡ ಎದ್ದಿತು. ಮುಂದೊಮ್ಮೆ ಆ ಊರಿಗೆ ಹೋದಾಗ ಕಟ್ಟಡದ ಮೆಟ್ಟಿಲುಗಳ ಮೇಲೆ ಅದೇ ವಯಸ್ಸಿನ ಬೇರೆ ಹುಡುಗರು ಕುಳಿತು ಹೊತ್ತು ಕಳೆಯುತ್ತಿದ್ದುದನ್ನು ಕಂಡೆ. ಕರ್ನಾಟಕದಲ್ಲಿ 1985ರಿಂದಲೇ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದು ಪ್ರತ್ಯೇಕ ಕಾಯ್ದೆಯಿದೆ. ಸ್ಥಳೀಯ ಸಂಸ್ಥೆಗಳು ಅಂಥ ಜಾಗಗಳ ಪಟ್ಟಿ ಮಾಡಬೇಕು, ಪಟ್ಟಿಗೆ ಸೇರಿದ್ದನ್ನು ಬೇರೆ ಉದ್ದೇಶಕ್ಕೆ ಬಳಸಬಾರದು ಎಂಬುದು ಅದರ ತಿರುಳು. ಪಟ್ಟಿಗೆ ಸೇರದೆ ಇರುವುದಕ್ಕೆ ಕಾಯ್ದೆ ಏನು ಮಾಡೀತು? ಒಬ್ಬ ಹಿರಿಯರ ಸೌಜನ್ಯದಿಂದ ನಡೆಯುವ ಖಾಸಗಿ ಜಾಗದ ಅಂಕಣವಂತೂ ಅಲ್ಲಿ ಕಾಣಿಸಿಕೊಳ್ಳುವುದು ದುರ್ಲಭ.

ಮಂಗಳೂರಿನಲ್ಲಿ ಕ್ರೀಡಾ ಸೌಕರ್ಯವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಮಂಗಳಾ ಕ್ರೀಡಾಂಗಣ 2015ರಲ್ಲಿ ಫೆಡರೇಷನ್ ಕಪ್ ಅಥ್ಲೆಟಿಕ್ಸನ್ನು ನಡೆಸಿದೆ. ಎಮ್ಮೆಕೆರೆಯಲ್ಲಿ 2023ರಲ್ಲಿ ಅಂತರರಾಷ್ಟ್ರೀಯ ಅಳತೆಯ ಈಜುಕೊಳ ಬಳಕೆಗೆ ಬಂತು. ಇಲ್ಲೇ ಓಡಿ ಬೆಳೆದ ಎಂ.ಆರ್. ಪೂವಮ್ಮ ದೇಶದ ರಿಲೇ ತಂಡದಲ್ಲಿ ಏಷ್ಯನ್ ಚಿನ್ನ ತಂದಿದ್ದಾರೆ. ಇವೆಲ್ಲ ಬೇಕು. ಆದರೆ ದೊಡ್ಡ ಕ್ರೀಡಾಂಗಣ ಆಟಗಾರನಿಗೆ; ಓಣಿಯ ಅಂಕಣ ಆಟಗಾರನಾಗಿರದವನಿಗೆ. ಒಂಬತ್ತು ವರ್ಷದ ಮಗುವನ್ನು ಅಪ್ಪ ಅಮ್ಮ ಹೆದ್ದಾರಿ ದಾಟಿಸಿ ಕಳುಹಿಸಲಾರರು. ದಿನಗೂಲಿ ಮುಗಿಸಿ ಬರುವ ಯುವಕ ಗಂಟೆಗೆ ಇಷ್ಟೆಂದು ಬಾಡಿಗೆ ಕೇಳುವ ಕೃತಕ ಹುಲ್ಲಿನ ಮೈದಾನಕ್ಕೆ ವಾರಕ್ಕೊಮ್ಮೆ ಹೋದಾನು, ದಿನವೂ ಹೋಗಲಾರ. ಇನ್ನೊಂದು ಆಡಳಿತಾತ್ಮಕ ತೊಡಕಿದೆ. ದೇರೆಬೈಲು ಹೆಸರಿನ ಪಾಲಿಕೆಯ ವಾರ್ಡುಗಳೇ ಹಲವು: ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ದಿಕ್ಕಿಗೊಂದು. ಒಂದು ದಿಕ್ಕಿನ ಮಕ್ಕಳು ಇನ್ನೊಂದು ದಿಕ್ಕಿನ ಅಂಕಣದಲ್ಲಿ ಆಡುತ್ತಾರೆ. ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಆಗದಿರುವುದು ಆಡಳಿತದ ಹಳೆಯ ರೂಢಿ.

ಹಾಗಾದರೆ ಹಣ ಎಲ್ಲಿಂದ? ಹಿಂದೆ ಈ ಪ್ರಶ್ನೆಗೆ ಜಿಲ್ಲೆಯಲ್ಲಿ ಒಂದು ಸಿದ್ಧ ಉತ್ತರವಿತ್ತು. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಯುವಕ ಮಂಡಲದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಇವುಗಳಲ್ಲಿ ಒಂದರ ಜಾಹೀರಾತು ಇಲ್ಲದಿದ್ದರೆ ಆ ಮಂಡಲ ಇನ್ನೂ ಎಳೆಯದೆಂದು ಅರ್ಥ. ಶಾಖಾ ವ್ಯವಸ್ಥಾಪಕರು ಊರಿನವರೇ ಆಗಿರುತ್ತಿದ್ದರು. ಬಹುಮಾನ ವಿತರಣೆಗೆ ಬಂದವರು ಅಂಕಣದ ಬದಿಯಲ್ಲಿ ನಿಂತು ಪಂದ್ಯವನ್ನೂ ನೋಡುತ್ತಿದ್ದರು. ಒಳ್ಳೆಯ ಆಟಗಾರನಿಗೆ ಬ್ಯಾಂಕಿನ ಕೆಲಸ ಎಂಬುದೊಂದು ಕನಸು ಬದುಕಿತ್ತು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ವಿಲೀನವಾಯಿತು. 2020ರ ಏಪ್ರಿಲ್‌ನಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ, ಸಿಂಡಿಕೇಟ್ ಕೆನರಾಕ್ಕೂ ಸೇರಿದವು. ವಿಲೀನದ ಆರ್ಥಿಕ ಸಮರ್ಥನೆಯ ಬಗ್ಗೆ ಬೇರೆಯೇ ಚರ್ಚೆ ಮಾಡಬಹುದು. ಸಣ್ಣ ಸಂಘದ ದೃಷ್ಟಿಯಿಂದ ನಡೆದದ್ದು ಇಷ್ಟೆ: ಮುಖ ಪರಿಚಯವಿದ್ದ ಮೇಜೊಂದು ದೂರ ಹೋಯಿತು. ಅದರ ಬೆನ್ನಿಗೇ ಕೋವಿಡ್ ಬಂತು. ಎರಡು ವರ್ಷ ಪಂದ್ಯಾಟವಿಲ್ಲ, ವಸೂಲಿಯಿಲ್ಲ. ಎಷ್ಟೋ ಸಂಘಗಳ ಬೀಗ ಆಮೇಲೆ ತೆರೆಯಲೇ ಇಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಕೇಳಬಾರದೇ ಎನ್ನುವವರಿದ್ದಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾರ್ವಜನಿಕ ಕಾರ್ಯಕ್ಕೆ ವ್ಯಯಿಸಬೇಕು. ಅನುಸೂಚಿಯಲ್ಲಿ ಕ್ರೀಡಾ ತರಬೇತಿಯೂ ಸೇರಿದೆ. ಆದರೆ ಅನುಷ್ಠಾನ ಸಂಸ್ಥೆಯಾಗಿ ಹಣ ಪಡೆಯಬೇಕಾದರೆ 2021ರ ಏಪ್ರಿಲ್‌ನಿಂದ ಸಚಿವಾಲಯದಲ್ಲಿ ಪ್ರತ್ಯೇಕ ನೋಂದಣಿ ಬೇಕು, ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಬೇಕು, ಸಾಮಾನ್ಯವಾಗಿ ಮೂರು ವರ್ಷಗಳ ಕೆಲಸದ ದಾಖಲೆಯೂ ಬೇಕು. ಲೆಕ್ಕದ ಪುಸ್ತಕ ಕೆಸರಿನಲ್ಲಿ ಹೋದ ಸಂಘ ಈ ಬಾಗಿಲನ್ನು ತಟ್ಟುವುದಾದರೂ ಹೇಗೆ? ದಾನಿಗಳಿಗೆ ತೆರಿಗೆ ರಿಯಾಯಿತಿ ತೋರಿಸೋಣವೆಂದರೆ ಅದೂ ಮಂಕಾಗಿದೆ. ಕ್ರೀಡೆಯ ಪ್ರೋತ್ಸಾಹ ಧರ್ಮಾರ್ಥ ಉದ್ದೇಶವೇ ಎಂದು 1984ರಲ್ಲಿಯೇ ಕೇಂದ್ರ ನೇರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿತ್ತು. ಆದರೆ 80ಜಿ ಎಂದು ಜನ ಬಲ್ಲ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿಲ್ಲ. 2023–24ರಿಂದ ಆ ಪದ್ಧತಿಯೇ ಸಹಜ ಆಯ್ಕೆಯಾಗಿದೆ. ಸಂಬಳದಾರ ಮಧ್ಯಮ ವರ್ಗದವರು ಇನ್ನು ಕೊಡುವುದಾದರೆ ಕೊಡಬೇಕೆನಿಸಿ ಕೊಡಬೇಕು.

ಕೊಡಬೇಕೆನಿಸುವುದು ಯಾವಾಗ? ಮಾನ್ಸರ್ ಓಲ್ಸನ್ ಎಂಬ ಅರ್ಥಶಾಸ್ತ್ರಜ್ಞ 1965ರಲ್ಲಿ ಒಂದು ಕಹಿ ಮಾತನ್ನು ಮುಂದಿಟ್ಟ. ಎಲ್ಲರಿಗೂ ಉಪಯೋಗವಾಗುವ ವಸ್ತುವಿಗೆ ದೊಡ್ಡ ಗುಂಪಿನಲ್ಲಿ ಯಾರೂ ತಾವಾಗಿ ಹಣ ಕೊಡುವುದಿಲ್ಲ. ಇನ್ನೊಬ್ಬ ಕೊಡಲಿ ಎಂದು ಕಾಯುತ್ತಾರೆ. ನಮ್ಮ ಓಣಿಯನ್ನು ನೋಡಿದರೆ ಓಲ್ಸನ್ ಇಲ್ಲೇ ಮನೆ ಮಾಡಿದ್ದನೇನೋ ಎನಿಸುತ್ತದೆ. ಎಲಿನೋರ್ ಆಸ್ಟ್ರಂ ಅದಕ್ಕೆ ಉತ್ತರ ಹುಡುಕಿದರು. 2009ರ ನೊಬೆಲ್ ಅವರಿಗೆ ಬಂದದ್ದು ಆ ಹುಡುಕಾಟಕ್ಕೆ. ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆಯ ನೆಲೆ ಇವನ್ನು ಶತಮಾನಗಳ ಕಾಲ ಹಾಳಾಗದಂತೆ ಉಳಿಸಿಕೊಂಡ ಹಳ್ಳಿಗಳನ್ನು ಅವರು ಅಧ್ಯಯನ ಮಾಡಿದರು. ಬಳಸುವವರೇ ನಿಯಮ ಮಾಡುವುದು, ಬಳಸುವವರೇ ಕಾಯುವುದು, ಯಾರು ಎಷ್ಟು ಕೊಟ್ಟರೆಂಬುದು ಎಲ್ಲರಿಗೂ ಕಾಣುವಂತಿರುವುದು. ಅವರು ಕಂಡ ಗುಟ್ಟಿನಲ್ಲಿ ಇವು ಮುಖ್ಯ.

ಅಮೆರಿಕದ ಪುಸ್ತಕಕ್ಕೆ ಹೋಗಬೇಕಾಗಿಯೂ ಇಲ್ಲ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಏಜೆಂಟ್ ಮನೆ ಬಾಗಿಲಿಗೆ, ಅಂಗಡಿಯ ಗಲ್ಲಕ್ಕೆ ಬಂದು ಪಡೆಯುತ್ತಿದ್ದ. ಅದರ ಜಾಣ್ಮೆ ಮೊತ್ತದಲ್ಲಿರಲಿಲ್ಲ, ನಿತ್ಯದ ಭೇಟಿಯಲ್ಲಿತ್ತು. ನಮ್ಮ ಸಂಘಗಳು ಇದಕ್ಕೆ ವಿರುದ್ಧವಾದ ದಾರಿ ಹಿಡಿದಿವೆ. ವರ್ಷಕ್ಕೊಮ್ಮೆ ದೊಡ್ಡ ಕುಳವೊಂದನ್ನು ಹುಡುಕುವುದು, ಬ್ಯಾನರಿನಲ್ಲಿ ಅವರ ಭಾವಚಿತ್ರ ಹಾಕುವುದು, ಹೊನಲು ಬೆಳಕಿನ ಪಂದ್ಯಾಟ ಮುಗಿದ ಮರುದಿನದಿಂದ ಬೆಳಕಿಲ್ಲದೆ ಕೂರುವುದು. ಮುನ್ನೂರು ಮನೆಗಳು ದಿನಕ್ಕೆ ಎರಡು ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 2,19,000 ರೂಪಾಯಿ. ಚಹದ ಕಾಲು ಲೋಟದ ಬೆಲೆ. ಫೋನಿನಲ್ಲಿ ಹಣ ಕಳುಹಿಸುವುದು ತರಕಾರಿ ಮಾರುವವರಿಗೂ ಕರಗತವಾಗಿರುವ ಈ ಕಾಲದಲ್ಲಿ ತಿಂಗಳಿಗೆ ಅರುವತ್ತು ರೂಪಾಯಿ ವಸೂಲು ಮಾಡಲು ಏಜೆಂಟನೂ ಬೇಡ. ಬೇಕಾದದ್ದು ತಿಂಗಳಿಗೊಮ್ಮೆ ಲೆಕ್ಕವನ್ನು ಓಣಿಯ ಅಂಗಡಿಯ ಗೋಡೆಗೆ ಅಂಟಿಸುವ ಒಬ್ಬ ಖಜಾಂಚಿ.

ಪೆಟ್ಟು ತಿಂದ ಸಮುದಾಯದ ಆಟ ಎದ್ದು ನಿಲ್ಲಬಲ್ಲದೇ ಎಂಬ ಸಂಶಯವಿರುವವರು ಕೊಡಗನ್ನು ನೋಡಬೇಕು. ನಿವೃತ್ತ ಬ್ಯಾಂಕ್ ಉದ್ಯೋಗಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವವನ್ನು ಆರಂಭಿಸಿದಾಗ 60 ತಂಡಗಳಿದ್ದವು. 2018ರಲ್ಲಿ ನಾಪೋಕ್ಲಿನಲ್ಲಿ 22ನೆಯ ಉತ್ಸವ ಮುಗಿದ ಕೆಲವೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ ಬೆಟ್ಟಗಳು ಕುಸಿದವು. ಮನೆ ತೋಟ ಕಳೆದುಕೊಂಡವರ ನಡುವೆ ಉತ್ಸವದ ಮಾತೆತ್ತುವಂತಿರಲಿಲ್ಲ. ಅದರ ಹಿಂದೆಯೇ ಕೋವಿಡ್. ನಾಲ್ಕು ವರ್ಷ ಕಪ್ ನಡೆಯಲಿಲ್ಲ. ನಾಲ್ಕು ವರ್ಷ ನಿಂತ ಹವ್ಯಾಸಿ ಪಂದ್ಯಾವಳಿ ಮತ್ತೆ ಹುಟ್ಟುವುದು ವಿರಳ. ಆದರೆ 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ಅದನ್ನು ನಾಪೋಕ್ಲಿನಲ್ಲಿ ಮತ್ತೆ ನಡೆಸಿತು. 2024ರಲ್ಲಿ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದ 25ನೆಯ ಉತ್ಸವಕ್ಕೆ 396 ತಂಡಗಳು. ಇದು ಕೊಡವರ ಹಾಕಿ ಪ್ರೇಮದ ಮಹಿಮೆ ಎಂದು ಮುಗಿಸಿಬಿಡುವುದು ಸುಲಭ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಏರ್ಪಾಟು. ವರ್ಷಕ್ಕೊಂದು ಕುಟುಂಬ ಹೊಣೆ ಹೊರುತ್ತದೆ, ಕಪ್‌ಗೆ ಆ ಕುಟುಂಬದ್ದೇ ಹೆಸರು, ಮುಂದಿನ ವರ್ಷ ಹೊಣೆ ಇನ್ನೊಬ್ಬರಿಗೆ. ಹೊರೆ ಒಂದೇ ಹೆಗಲ ಮೇಲೆ ಕೂರುವುದಿಲ್ಲ, ಗೌರವ ಒಂದೇ ಮನೆಯಲ್ಲಿ ಉಳಿಯುವುದಿಲ್ಲ. ಅಜ್ಜನಿಂದ ಮೊಮ್ಮಗಳವರೆಗೆ ಒಂದೇ ತಂಡದಲ್ಲಿ ಆಡಲು ಅವಕಾಶವಿರುವುದರಿಂದ ಪ್ರತಿ ಮನೆಗೂ ಅದು ತನ್ನದೆನಿಸುತ್ತದೆ. ದೇರೆಬೈಲಿನಲ್ಲಿ ಕುಟುಂಬಗಳ ಬದಲು ಓಣಿಗಳು, ವಸತಿ ಸಮುಚ್ಚಯಗಳು ಆ ಸರದಿಯನ್ನು ಏಕೆ ಹಿಡಿಯಬಾರದು?

ಇನ್ನೊಂದು ದೂರದ ಉದಾಹರಣೆಯನ್ನು ಚುಟುಕಾಗಿ ಹೇಳುತ್ತೇನೆ. ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬನ್ನು ಅದರ ಮಾಲೀಕರು ಬೇರೆ ಊರಿಗೆ ಸಾಗಿಸಲು 2002ರಲ್ಲಿ ಅನುಮತಿ ದೊರೆತಾಗ ಅಭಿಮಾನಿಗಳು ಊರ ಬಯಲಿನಲ್ಲಿ ಆಟಗಾರರನ್ನು ಆಯ್ದು ತಮ್ಮದೇ ಹೊಸ ಕ್ಲಬ್ ಕಟ್ಟಿದರು. ಒಂಬತ್ತು ವರ್ಷಗಳಲ್ಲಿ ಅದು ಕೆಳಗಿನ ಸ್ಥಳೀಯ ಲೀಗಿನಿಂದ ಏರಿ ಫುಟ್‌ಬಾಲ್ ಲೀಗ್ ಸೇರಿತು. 2020ರಲ್ಲಿ ತಮ್ಮ ಹಳೆಯ ಬೀದಿಯಲ್ಲೇ ಸ್ವಂತ ಮೈದಾನಕ್ಕೆ ಮರಳಿತು. 2024ರ ಸೆಪ್ಟೆಂಬರ್‌ನಲ್ಲಿ ಪಕ್ಕದ ನದಿ ಉಕ್ಕಿ ಆ ಮೈದಾನದ ನೆಲವೇ ಕುಸಿದಾಗ ಅಭಿಮಾನಿಗಳು ಕೆಲವೇ ದಿನಗಳಲ್ಲಿ ಒಂದು ಲಕ್ಷ ಪೌಂಡಿಗೂ ಹೆಚ್ಚು ಕೂಡಿಸಿದರು. ಅವರು ನಮಗಿಂತ ಶ್ರೀಮಂತರು, ನಿಜ. ಆದರೆ ಅವರು ಕೊಟ್ಟದ್ದು ತಮ್ಮದೇ ಒಡೆತನದ ಕ್ಲಬ್ಬಿಗೆ. 

ಸಂಘದವರಿಗೂ ಕೆಲವು ಮಾತು ಹೇಳಬೇಕಾಗಿದೆ. ಹೇಳದಿದ್ದರೆ ಅದು ಉಪಕಾರವಾಗುವುದಿಲ್ಲ. ಮೊದಲನೆಯದಾಗಿ, ಎತ್ತಿದ ಹಣದಲ್ಲಿ ಅಂಕಣಕ್ಕೆ ಹೋಗುವುದೆಷ್ಟು, ವೇದಿಕೆಗೆ ಹೋಗುವುದೆಷ್ಟು? ಶಾಮಿಯಾನ, ಧ್ವನಿವರ್ಧಕ, ಹಾರ, ಸ್ಮರಣಿಕೆ, ಹೊರಗಿನ ತಂಡಗಳನ್ನು ಸೆಳೆಯಲು ನಗದು ಬಹುಮಾನ ಇವುಗಳ ಖರ್ಚು ಕಳೆದರೆ ಮ್ಯಾಟು ಒಣಗಿಸುವುದಕ್ಕೂ ಕಾಸು ಉಳಿಯದ ಪಂದ್ಯಾಟಗಳನ್ನು ನಾನು ಕಂಡಿದ್ದೇನೆ. ಬಾಡಿಗೆಗೆ ಬಂದ ತಂಡ ಕಪ್ ಗೆದ್ದು ಹೋಗುತ್ತದೆ, ನಮ್ಮ ಓಣಿಯ ಹುಡುಗ ಕುರ್ಚಿ ಜೋಡಿಸುತ್ತಾನೆ. ಮುಂದಿನ ಮಾತು ಇನ್ನೂ ಸೂಕ್ಷ್ಮವಾದದ್ದು. ರಸೀದಿ ಪುಸ್ತಕ ಹಿಡಿದು ಬಂದಾಗ ಬಾಗಿಲು ತೆರೆಯುವವರು ಬಹುಪಾಲು ಮಹಿಳೆಯರು. ಅವರ ಮಗಳಿಗೆ ಆ ಅಂಕಣದಲ್ಲಿ ಯಾವ ಹೊತ್ತು ಮೀಸಲಿದೆ ಎಂದು ನನ್ನ ಮನೆಯವರು ಕೇಳಿದ್ದಕ್ಕೆ ಹುಡುಗರು ವರ್ಷಕ್ಕೊಮ್ಮೆ ಮಹಿಳೆಯರ ತ್ರೋಬಾಲ್ ಇಡುತ್ತೇವೆ ಎಂದರು. ವರ್ಷದಲ್ಲಿ ಒಂದು ದಿನ! ಓಣಿಯ ಅರ್ಧಭಾಗವನ್ನು ಹೊರಗಿಟ್ಟು ಓಣಿಯ ಬೆಂಬಲ ಕೇಳುವುದು ನ್ಯಾಯವೂ ಅಲ್ಲ, ಲಾಭದಾಯಕವೂ ಅಲ್ಲ.

ಹಾಗೆಯೇ ಹೆಸರುಗಳ ವಿಚಾರ. ದೇರೆಬೈಲಿನಲ್ಲಿ ಇಗರ್ಜಿಯ ಗಂಟೆ, ದೇವಸ್ಥಾನದ ಚೆಂಡೆ, ಮಸೀದಿಯ ಬಾಂಗ್ ಕೇಳಿ ಬೆಳೆದವರು ಒಂದೇ ಬಲೆಯ ಎರಡು ಬದಿಗೆ ನಿಂತು ಆಡುತ್ತಿದ್ದ ಕಾಲವನ್ನು ನನ್ನ ವಯಸ್ಸಿನವರು ಬಲ್ಲರು. ಹಳೆಯ ವಾರ್ಷಿಕೋತ್ಸವದ ಕರಪತ್ರಗಳಲ್ಲಿ ತಂಡದ ಪಟ್ಟಿಯನ್ನು ಓದಿದರೆ ಸಾಕು. ಇತ್ತೀಚಿನ ದಶಕಗಳಲ್ಲಿ ನಗರದ ಎಷ್ಟೋ ಸಂಘಗಳ ಪಟ್ಟಿ ಒಂದೇ ಬಗೆಯ ಹೆಸರುಗಳಿಗೆ ಇಳಿದಿದೆ. ಇದಕ್ಕೆ ಕಾರಣಗಳು ಅಂಕಣದ ಹೊರಗಿವೆ, ಪರಿಹಾರವೂ ಪೂರ್ತಿಯಾಗಿ ಅಂಕಣದಲ್ಲಿಲ್ಲ. ಆದರೆ ಆರು ಮಂದಿಯ ತಂಡಕ್ಕೆ ಐವರಷ್ಟೇ ಬಂದ ಸಂಜೆ, ರಸ್ತೆಯಲ್ಲಿ ಹೋಗುತ್ತಿದ್ದವನನ್ನು ‘ಬಾ ಮಾರಾಯ’ ಎಂದು ಕರೆಯುವಾಗ ಯಾರೂ ಅವನ ಜಾತಿ ಕೇಳಿದ್ದಿಲ್ಲ. ನಾಲ್ಕು ಸೆಂಟ್ಸ್ ಜಾಗ ಕಳೆದುಕೊಂಡರೆ ಆ ಕರೆಯನ್ನೂ ಕಳೆದುಕೊಳ್ಳುತ್ತೇವೆ. ಇದೇ ನನ್ನನ್ನು ಕಾಡುವ ಮುಖ್ಯ ಆತಂಕ. ಕುಸಿದ ಕೊಠಡಿಯನ್ನು ಮರಳಿ ಕಟ್ಟಬಹುದು.

ಪಾಲಿಕೆಯಿಂದ ಹಣವನ್ನು ಕೇಳುವುದಕ್ಕಿಂತ ಒಂದು ಪಟ್ಟಿಯನ್ನು ಕೇಳಬೇಕು. ಪ್ರತಿ ವಾರ್ಡಿನಲ್ಲಿ ಸಾರ್ವಜನಿಕರು ಆಡುತ್ತಿರುವ ಜಾಗಗಳು ಎಷ್ಟು, ಅವು ಯಾರ ಹೆಸರಿನಲ್ಲಿವೆ, ಯಾವುದರ ಮೇಲೆ ದರೆ ಕುಸಿಯುವ ಭಯವಿದೆ ಎಂಬ ಒಂದು ಪುಟದ ದಾಖಲೆ. ಬಡಾವಣೆಯ ವಿನ್ಯಾಸಕ್ಕೆ ಒಪ್ಪಿಗೆ ಕೊಡುವಾಗ ಬಿಡಿಸಿಕೊಂಡ ತೆರೆದ ಜಾಗಗಳಲ್ಲಿ ಒಂಬತ್ತು ಸೆಂಟ್ಸಿನ ಸಮತಟ್ಟು ತುಂಡು ಇದೆಯೇ ಎಂದು ನೋಡಿದರೆ ಬಹುಶಃ ಹೊಸದಾಗಿ ಭೂಮಿ ಖರೀದಿಸುವ ಅಗತ್ಯವೇ ಬೀಳದು. ಶಾಲಾ ಮೈದಾನಗಳು ಸಂಜೆಯ ಬಳಿಕ ಬೀಗ ಹಾಕಿಕೊಂಡು ಮಲಗಿರುತ್ತವೆ. ಬೀಗದ ಕೈ, ಶುಚಿತ್ವ, ಹಾನಿಯ ಹೊಣೆ ಯಾರದೆಂಬ ಎರಡು ಪುಟದ ಒಪ್ಪಂದ ಮಾಡಿಕೊಂಡು ನೋಂದಾಯಿತ ಸಂಘಗಳಿಗೆ ಎರಡು ಗಂಟೆ ಬಿಟ್ಟುಕೊಡಲು ಆಡಳಿತ ಮಂಡಳಿಗಳು ಏಕೆ ಹೆದರುತ್ತವೆ ಎಂಬುದು ನನಗೆ ಅರ್ಥವಾಗಿಲ್ಲ. ಅಥವಾ ಅರ್ಥವಾಗಿದೆ: ಒಪ್ಪಂದಕ್ಕೆ ಸಹಿ ಹಾಕಿದವನೇ ನಾಳೆ ಉತ್ತರಿಸಬೇಕಾಗುತ್ತದೆ. ಸಹಿ ಹಾಕದಿದ್ದರೆ ಯಾರೂ ಪ್ರಶ್ನಿಸುವುದಿಲ್ಲ. ಈ ಮನೋಧರ್ಮದ ಪರಿಚಯ ನನಗೆ ಬೇಕಾದಷ್ಟಿದೆ.

ನೋಂದಾಯಿತ ಸಂಘ ಎಂದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಏಳು ಮಂದಿ ವಯಸ್ಕರು ಸಾಕು. ಜರ್ಮನಿಯ ಕಾನೂನಿನಲ್ಲೂ ಕ್ರೀಡಾ ಸಂಘದ ನೋಂದಣಿಗೆ ಅದೇ ಏಳು. ಅಲ್ಲಿ ಆ ಏಳರಿಂದ ಹೊರಟ ಎಷ್ಟೋ ಸಂಘಗಳು ನೂರು ವರ್ಷ ದಾಟಿವೆ. ಇಲ್ಲಿ ವಾರ್ಷಿಕ ಸಭೆಯ ನಡವಳಿ, ಪದಾಧಿಕಾರಿಗಳ ಪಟ್ಟಿ, ಲೆಕ್ಕಪರಿಶೋಧನೆಯ ವರದಿ ಸಲ್ಲಿಕೆಯಾಗದೆ ನೋಂದಣಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಈ ಕೆಲಸಕ್ಕೆ ತೋಳ್ಬಲ ಬೇಡ. ನಮ್ಮ ಓಣಿಯಲ್ಲೇ ಇಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಒಬ್ಬ ವಕೀಲರು, ಒಬ್ಬ ಲೆಕ್ಕಪರಿಶೋಧಕರಿದ್ದಾರೆ. ಸಂಜೆ ವಾಕಿಂಗ್ ಹೋಗುವಾಗ ಆ ಅಂಕಣದ ಬದಿಯಲ್ಲೇ ನಾವೆಲ್ಲ ಹಾದುಹೋಗುತ್ತೇವೆ. ಹುಡುಗರು ನಮ್ಮ ಬಳಿ ಐದುನೂರು ರೂಪಾಯಿ ಕೇಳಿದರು. ನಮ್ಮಲ್ಲಿ ಅದಕ್ಕಿಂತ ಬೆಲೆಯುಳ್ಳದ್ದೇನಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ನಾವೂ ಹೇಳಿರಲಿಲ್ಲ.

ಜಾಗದ ಹಿರಿಯರ ಮಗ ಮುಂಬಯಿಯಲ್ಲಿದ್ದಾರೆ. ಕಳೆದ ವಾರ ಅವರಿಗೆ ಫೋನ್ ಮಾಡಿ, ಐದು ವರ್ಷಗಳ ಮಟ್ಟಿಗೆ ಬರವಣಿಗೆಯಲ್ಲಿ ಅನುಮತಿ ಕೊಡುವಿರಾ ಎಂದು ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದರು. ಬಳಿಕ, ಆ ಮೂಲೆಯಲ್ಲಿದ್ದ ನೇರಳೆ ಮರ ಇನ್ನೂ ಇದೆಯೇ ಎಂದು ವಿಚಾರಿಸಿದರು. ಇದೆ, ದರೆ ಅದರ ಈಚೆಗೆ ಕುಸಿದಿದೆ ಎಂದೆ. ಈ ತಿಂಗಳ ಕೊನೆಯ ಭಾನುವಾರ ಸಂಘದ ಮಹಾಸಭೆ ಕರೆದಿದ್ದಾರೆ. ಹೊಸ ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕಿಕೊಡುವಂತೆ ನನ್ನನ್ನು ಕೇಳಿದ್ದಾರೆ. ಮೊದಲ ಸಾಲಿನಲ್ಲಿ ಆ ದಿನ ನಮ್ಮ ಗೇಟಿನಲ್ಲಿ ಹರಿದುಕೊಟ್ಟ ರಸೀದಿಯ ಮೊತ್ತವನ್ನೇ ಬರೆಯಲಿದ್ದೇನೆ.